ಹುಡುಗ ಹುಡುಗಿ ಒಂದೇ ಫೋಟೊದಲ್ಲಿ ನಿಲ್ಲೋಕೆ ಎಷ್ಟು ವರ್ಷ ಬೇಕಾಯ್ತು?

ಈಗ ನಮ್ಮ ಕಡೆ ನಿಶ್ಚಿತಾರ್ಥ ಮುಗಿದ ವಾರದಲ್ಲೇ ಮೂರು ಕಡೆ ಫೋನ್ ಹೋಗುತ್ತದೆ. ಒಂದು ಛತ್ರಕ್ಕೆ, ಒಂದು ಅಡುಗೆಯವರಿಗೆ, ಇನ್ನೊಂದು ಫೋಟೊದವರಿಗೆ. ಮೊದಲ ಎರಡು ಫೋನು ಹಿರಿಯರು ಮಾಡುತ್ತಾರೆ. ಮೂರನೆಯದು ಮಾತ್ರ ಹುಡುಗ ಹುಡುಗಿಯದು. "ಅಣ್ಣಾ, ಪ್ರೀ ವೆಡ್ಡಿಂಗ್‌ಗೆ ಎಷ್ಟು ತಗೊಳ್ತೀರಾ? ಡ್ರೋನ್ ಸೇರಿಸಿ ಹೇಳಿ."

ಈ ಮೂರನೇ ಫೋನಿನ ಬಗ್ಗೆ ಊರಲ್ಲಿ ಎರಡು ಮಾತಿದೆ. "ತಾಳಿ ಕಟ್ಟೋಕೆ ಮುಂಚೆ ಇದೆಲ್ಲ ಏನು?" ಅನ್ನುವುದು ಒಂದು. "ಕಾಲ ಹಂಗಿದೆ, ಬಿಡ್ರಪ್ಪ" ಅನ್ನುವುದು ಇನ್ನೊಂದು. ಇದು ನಿನ್ನೆ ಮೊನ್ನೆ ಎಲ್ಲಿಂದಲೋ ಬಂದ ಶೋಕಿ ಎಂದು ಇಬ್ಬರೂ ನಂಬಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮದುವೆಗೂ ಚಿತ್ರಕ್ಕೂ ಇರುವ ನಂಟು ತುಂಬ ಹಳೆಯದು. ಬದಲಾಗುತ್ತ ಬಂದಿರುವುದು ಯಾರು ಯಾರ ಚಿತ್ರ ನೋಡುತ್ತಾರೆ, ಯಾರ ಪಕ್ಕ ಯಾರು ನಿಲ್ಲುತ್ತಾರೆ, ಅದನ್ನು ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದು.

ಬಯಲಾಟ, ಯಕ್ಷಗಾನ ನೋಡಿದವರಿಗೆ ಉಷಾ ಪರಿಣಯದ ಕತೆ ಗೊತ್ತು. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ಹುಡುಗನನ್ನು ಕಾಣುತ್ತಾಳೆ. ಅವನು ಯಾರು ಎಂದು ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಒಬ್ಬೊಬ್ಬ ರಾಜಕುಮಾರನ ಚಿತ್ರ ಬರೆದು ತೋರಿಸುತ್ತಾ ಹೋಗುತ್ತಾಳೆ. ಅನಿರುದ್ಧನ ಚಿತ್ರ ಬಂದಾಗ ಉಷೆ "ಇವನೇ" ಅನ್ನುತ್ತಾಳೆ. ಅಲ್ಲಿ ಚಿತ್ರ ಹಿಡಿದು ನೋಡಿದವಳು ಹುಡುಗಿ, ಒಪ್ಪಿದವಳೂ ಹುಡುಗಿಯೇ. ಪುರಾಣದ ಮಾತು ಪುರಾಣಕ್ಕಿರಲಿ. ಆದರೆ ನಮ್ಮ ಜನ ಇದನ್ನು ತಲೆಮಾರುಗಳಿಂದ ಬೆಳಗಾಗುವವರೆಗೆ ಕೂತು ನೋಡಿದ್ದಾರೆ. ಕ್ಯಾಮೆರಾ ಬಂದ ಮೇಲೆ ಊರಲ್ಲಿ ನಡೆದದ್ದು ಇದರ ತಿರುಗುಮುರುಗು.

ಕ್ಯಾಮೆರಾದ ಕತೆ ನಮ್ಮ ನಾಡಿನಲ್ಲಿ ಕಲ್ಲಿನಿಂದ ಶುರುವಾಗುತ್ತದೆ. ಫ್ರಾನ್ಸಿನಲ್ಲಿ ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಅದಾಗಿ ಹದಿನೈದು ವರ್ಷಕ್ಕೆ, 1854ರ ಕೊನೆಯಲ್ಲಿ, ಲಿನಿಯಸ್ ಟ್ರೈಪ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಬೇಲೂರು, ಹಳೇಬೀಡಿನ ಗುಡಿಗಳ ಫೋಟೊ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಯಲ್ಲಿ ಮೇಣ ಸವರಿದ ದೊಡ್ಡ ಕಾಗದದ ಮೇಲೆ ಚಿತ್ರ ಹಿಡಿದ. ಅವನ ಫೋಟೊದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಈಗ ಆ ಗೋಪುರ ಇಲ್ಲ. ಐವತ್ತು ರೂಪಾಯಿ ನೋಟಿನಲ್ಲಿರುವ ರಥ ಅದೇ, ಗೋಪುರ ಹೋದ ಮೇಲಿನದು.

ಮೊದಲು ಕಲ್ಲೇ ಯಾಕೆ? ಗುಡಿಗಳ ದಾಖಲೆ ಬೇಕು ಅನ್ನುವುದು ಸರ್ಕಾರದ ಆಸೆ. ಜೊತೆಗೆ ಆ ಕಾಲದ ಕಾಗದಕ್ಕೆ ಚಿತ್ರ ಕೂರಬೇಕಾದರೆ ಬಹಳ ಹೊತ್ತು ಬೆಳಕು ಬೀಳಬೇಕಿತ್ತು. ಕಲ್ಲು ಅಲುಗುವುದಿಲ್ಲ, ಮನುಷ್ಯ ಅಲುಗುತ್ತಾನೆ. ಇವತ್ತು ಹುಡುಗ ಹುಡುಗಿ ಅದೇ ಹಂಪಿಗೆ ಹೋಗಿ, ಅದೇ ಕಲ್ಲಿನ ಮುಂದೆ ನಿಂತು, ಒಂದು ಸೆಕೆಂಡಿಗೆ ಹತ್ತು ಫೋಟೊ ತೆಗೆಸಿಕೊಂಡು ಬರುತ್ತಾರೆ.

ಆಮೇಲೆ ಮನುಷ್ಯರ ಫೋಟೊ ಬಂತು. ಆದರೆ ತೆಗೆಸಿಕೊಂಡದ್ದಕ್ಕಿಂತ ಇನ್ನೊಬ್ಬರು ತೆಗೆದುಕೊಂಡು ಹೋದದ್ದೇ ಹೆಚ್ಚು. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ 'ದ ಪೀಪಲ್ ಆಫ್ ಇಂಡಿಯಾ' ಎಂದು ಎಂಟು ಸಂಪುಟ ಹೊರತಂದಿತು. ಅದರಲ್ಲಿ ನಮ್ಮ ಜನ ಜಾತಿಗೊಂದು ಮಾದರಿಯಂತೆ ನಿಂತಿದ್ದಾರೆ. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್‌ನವರು ತೆಗೆದ ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿವೆ. ಫೋಟೊದಲ್ಲಿರುವವರ ಮೊಮ್ಮಕ್ಕಳು ಇಲ್ಲಿ, ಫೋಟೊ ಅಲ್ಲಿ.

ಹೆಂಗಸರ ವಿಷಯದಲ್ಲಂತೂ ಇನ್ನೂ ಬಿಗಿ. ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ನಿಜಾಮರ ಫೋಟೊಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಒಂದು ಸ್ಟುಡಿಯೊ ತೆರೆದರು. ಅದನ್ನು ನಡೆಸುತ್ತಿದ್ದವರೂ ಹೆಂಗಸು, ಕೆನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಪರಪುರುಷ ಕ್ಯಾಮೆರಾದ ಹಿಂದೆ ನಿಂತು ತಮ್ಮ ಮನೆ ಹೆಂಗಸರನ್ನು ನೋಡುವುದು ದೊಡ್ಡ ಮನೆತನಗಳಿಗೆ ಒಪ್ಪಿಗೆ ಇರಲಿಲ್ಲ. ಫೋಟೊ ಮಾತ್ರ ಬೇಕಿತ್ತು. "ಫೋಟೊ ಬೇಕು, ನೋಡಬಾರದು" ಅನ್ನುವ ಈ ಗೊಂದಲ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಬೆಂಗಳೂರಿನಲ್ಲಿ 1910ರ ಹೊತ್ತಿಗೆ ಜಿ. ಕೆ. ವೇಲ್‌ನಂಥ ಸ್ಟುಡಿಯೊ ಬಂದಿತ್ತು. ತಾಲ್ಲೂಕು ಊರುಗಳಿಗೆ ಫೋಟೊದ ಅಂಗಡಿ ಬರಲು ಬಹಳ ವರ್ಷ ಹಿಡಿಯಿತು. ಬಂದ ಮೇಲೂ ಜನ ಒಳಗೆ ಹೋಗಲು ಹೆದರುತ್ತಿದ್ದರು. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಯ ಫೋಟೊ ಎಂದು ಇರುವುದು ಒಂದೇ, ಅದೂ ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ ಹೂವಿನ ಹಾರ ಹಾಕಿ ತೆಗೆದದ್ದು. ಸುದ್ದಿಗೆಂದು ಮನೆಮನೆಗೆ ಹೋಗುವ ಕೆಲಸ ನನ್ನದು. ಪಡಸಾಲೆಯ ಗೋಡೆ ನೋಡುವುದು ರೂಢಿಯಾಗಿದೆ. ಗೋಡೆಯಲ್ಲಿ ಗಂಡಸರು ಬೇರೆ ಬೇರೆ ವಯಸ್ಸಿನಲ್ಲಿ ಸಿಗುತ್ತಾರೆ. ಹೆಂಗಸರು ಸಿಗುವುದು ಹೆಚ್ಚಾಗಿ ಎರಡು ಸಲ: ಮದುವೆಯಲ್ಲಿ ಮತ್ತು ಹಾರದೊಳಗೆ.

ಮೂರನೆಯ ಫೋಟೊ ಒಂದು ಇತ್ತು. ಅದು ಗೋಡೆಗೆ ಬರುತ್ತಿರಲಿಲ್ಲ. ಅದೇ ಹೆಣ್ಣು ತೋರಿಸುವ ಫೋಟೊ.

ನಲವತ್ತು ದಾಟಿದ ಹೆಂಗಸರನ್ನು ಕೇಳಿ, ಈ ಫೋಟೊದ ನೆನಪು ಇದ್ದೇ ಇರುತ್ತದೆ. ಅಕ್ಕನದೋ ಪಕ್ಕದ ಮನೆಯವರದೋ ಒಳ್ಳೆ ಸೀರೆ. ಅಪ್ಪನ ಅಥವಾ ಅಣ್ಣನ ಸೈಕಲ್ ಹಿಂದೆ ಕೂತು ಪೇಟೆಗೆ ಹೋಗುವುದು. ಸ್ಟುಡಿಯೊದ ಒಳಗೆ ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ. ಹಿಂದೆ ಪರದೆ. ಅದರಲ್ಲಿ ಅರಮನೆಯ ಮೆಟ್ಟಿಲು, ಇಲ್ಲವೇ ತೋಟ, ಇಲ್ಲವೇ ತಾಜ್ ಮಹಲ್. ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು. ಉದ್ದ ಕೂದಲಿದ್ದರೆ ಜಡೆಯನ್ನು ಮುಂದಕ್ಕೆ ಹಾಕಿಸುತ್ತಿದ್ದರು, ಗಂಡಿನ ಕಡೆಯವರಿಗೆ ಕಾಣಲಿ ಎಂದು. ಎತ್ತರ ಗೊತ್ತಾಗಲಿ ಎಂದು ನಿಲ್ಲಿಸಿ ಪೂರ್ತಿ ಫೋಟೊ. ಬಣ್ಣ ಸ್ವಲ್ಪ ಕಮ್ಮಿ ಎಂದು ಮನೆಯವರಿಗೆ ಅನ್ನಿಸಿದರೆ ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿದ್ದುತ್ತಿದ್ದರು. ಫಿಲ್ಟರ್ ಅನ್ನುವುದು ಮೊಬೈಲ್ ಜೊತೆ ಬಂದದ್ದಲ್ಲ.

ಆ ಫೋಟೊದ ಮೂರು ನಾಲ್ಕು ಕಾಪಿ ಹಾಕಿಸಿ, ಜಾತಕದ ಜೊತೆ ಕವರಿಗೆ ಸೇರಿಸಿ, ಸಂಬಂಧ ಹೇಳುವವರ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಚೀಲದಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದರು. ಯಾರ ಮನೆ ಪಡಸಾಲೆಯಲ್ಲಿ ಯಾರು ಅದನ್ನು ಹಿಡಿದು ಏನು ಮಾತಾಡಿದರು ಅನ್ನುವುದು ಹುಡುಗಿಗೆ ಗೊತ್ತಾಗುತ್ತಿರಲಿಲ್ಲ. ಸಂಬಂಧ ಕೂಡದಿದ್ದರೆ ಫೋಟೊ ವಾಪಸ್ ಬರಬೇಕು. ಎಷ್ಟೋ ಸಲ ಬರುತ್ತಿರಲಿಲ್ಲ. "ಹುಡುಗಿ ಫೋಟೊ ಕಂಡೋರ ಮನೇಲಿ ಉಳೀತು" ಎಂದು ತಾಯಂದಿರು ಒದ್ದಾಡುತ್ತಿದ್ದರು. ಹುಡುಗನ ಫೋಟೊ ಕೇಳುವ ರೂಢಿಯೇ ಬಹಳ ಮನೆಗಳಲ್ಲಿ ಇರಲಿಲ್ಲ. ಕೇಳಿದರೂ ಪರೀಕ್ಷೆಗೆ ತೆಗೆಸಿದ್ದ ಪಾಸ್‌ಪೋರ್ಟ್ ಸೈಜು ಬರುತ್ತಿತ್ತು, ಅಷ್ಟೇ. ಉಷೆ ನೋಡಿದ ಚಿತ್ರ ಎಲ್ಲಿ, ಇದೆಲ್ಲಿ! ಈ ಫೋಟೊದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಬ್ಬರೂ ಒಟ್ಟಿಗೆ ಇರುವ ಫೋಟೊ ಮದುವೆಯಾದ ಮೇಲಿನ ಮಾತು. ಮದುವೆಗೆ ಫೋಟೊದವರನ್ನು ಕರೆಸುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಹೊಸ ಜೋಡಿ ಸಂತೆಗೋ ಜಾತ್ರೆಗೋ ಹೋದಾಗ ಸ್ಟುಡಿಯೊಗೆ ಹೋಗಿ ಒಂದು ಫೋಟೊ ತೆಗೆಸುತ್ತಿದ್ದರು. ಹಳೆಯ ಜೋಡಿ ಫೋಟೊಗಳಲ್ಲಿ ಗಂಡ ಕುರ್ಚಿಯಲ್ಲಿ, ಎರಡೂ ಕೈ ಮೊಣಕಾಲ ಮೇಲೆ. ಹೆಂಡತಿ ಪಕ್ಕದಲ್ಲಿ ನಿಂತು, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಇಬ್ಬರ ಮುಖದಲ್ಲೂ ನಗು ಇಲ್ಲ. ಜಗಳ ಆಡಿ ಬಂದವರಂತೆ ಕಾಣುತ್ತಾರೆ, ಆದರೆ ಅದು ಆ ಕಾಲದ ಮರ್ಯಾದೆಯ ನಿಲುವು. ಕೋಟು ಗಂಡನದೇ ಇರಬೇಕೆಂದಿಲ್ಲ. ಸ್ಟುಡಿಯೊದಲ್ಲಿ ಮೊಳೆಗೆ ನೇತು ಹಾಕಿದ ಒಂದು ಕೋಟು ಊರಿನ ಅರ್ಧ ಗಂಡಸರ ಮೈಮೇಲೆ ಬಂದಿರುತ್ತಿತ್ತು. ಮೇಜಿನ ಮೇಲೆ ತಂತಿ ಇಲ್ಲದ ಒಂದು ಟೆಲಿಫೋನೂ ಇರುತ್ತಿತ್ತು.

ಜಾತ್ರೆಯಲ್ಲಂತೂ ಟೆಂಟಿನ ಸ್ಟುಡಿಯೊ. ರಟ್ಟಿನ ಕಾರು, ರಟ್ಟಿನ ವಿಮಾನ, ಅರ್ಧಚಂದ್ರ. ಕತ್ತು ತೂರಿಸಿದರೆ ಆಯಿತು, ವಿಮಾನದಲ್ಲಿ ಹಾರಿದಂತೆ. ಮಧ್ಯಪ್ರದೇಶದ ನಾಗ್ದಾ ಎಂಬ ಕಾರ್ಖಾನೆ ಊರಿನ ಸ್ಟುಡಿಯೊಗಳನ್ನು ಅಭ್ಯಾಸ ಮಾಡಿದ ಕ್ರಿಸ್ಟೋಫರ್ ಪಿನ್ನಿ ಎಂಬ ವಿದ್ವಾಂಸ 1997ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ನಮ್ಮ ಜನ ಸ್ಟುಡಿಯೊಗೆ ಹೋಗುವುದು ತಾವು ಇರುವ ಹಾಗೆ ಕಾಣಲು ಮಾತ್ರವಲ್ಲ, ಆಗಬೇಕೆಂದಿರುವ ಹಾಗೆ ಕಾಣಲು ಎಂಬುದು ಅಲ್ಲಿ ಚೆನ್ನಾಗಿ ಬಂದಿದೆ. ಹಾಗಾಗಿ ಈಗಿನ ಹುಡುಗ ಬಾಡಿಗೆಯ ಬುಲೆಟ್ ಬೈಕ್ ಮೇಲೆ ಕೂತು ಫೋಟೊ ತೆಗೆಸಿಕೊಂಡರೆ ನಗುವ ಅಜ್ಜಂದಿರು, ತಮ್ಮ ಟ್ರಂಕಿನಲ್ಲಿರುವ ರಟ್ಟಿನ ವಿಮಾನವನ್ನು ಒಂದು ಸಲ ತೆಗೆದು ನೋಡಬಹುದು.

ಆ ಕಾಲದಲ್ಲಿ ಫೋಟೊ ಅಂದರೆ ಲೆಕ್ಕ. ಅಗ್ಫಾ ಕ್ಲಿಕ್ ತ್ರೀ ಎಂಬ ಡಬ್ಬಿ ಕ್ಯಾಮೆರಾಕ್ಕೆ ಒಂದು ರೋಲಿಗೆ ಹನ್ನೆರಡೇ ಫೋಟೊ. ಸ್ಟುಡಿಯೊದವರ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಯಾಷಿಕಾದಲ್ಲೂ ಅಷ್ಟೇ. ಊಟಿಯಲ್ಲಿ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ, ಆಮೇಲೆ 'ಇಂದು' ಎಂಬ ಹೆಸರಿನ ಕಪ್ಪು ಬಿಳುಪು ಫಿಲ್ಮು, ಕಾಗದ ಮಾಡತೊಡಗಿತು. ಸಣ್ಣ ಊರಿನ ಸ್ಟುಡಿಯೊಗಳಿಗೆ ಅದು ಆಸರೆಯಾಯಿತು. ಆದರೂ ಮದುವೆಗೆ ಮೂರು ರೋಲು ಎಂದರೆ ಮೂವತ್ತಾರು ಫೋಟೊ. ಧಾರೆಗೆ ಎರಡು, ತಾಳಿಗೆ ಎರಡು, ಬೀಗರ ಗುಂಪಿಗೆ ನಾಲ್ಕು ಎಂದು ಹಿರಿಯರು ಹಂಚಿಬಿಡುತ್ತಿದ್ದರು. ಹುಡುಗ ಹುಡುಗಿ ಇಬ್ಬರದೇ ಫೋಟೊ ಒಂದೋ ಎರಡೋ ಉಳಿದರೆ ಪುಣ್ಯ.

ಎಂಬತ್ತು ತೊಂಬತ್ತರ ದಶಕದಲ್ಲಿ ಕಲರ್ ಬಂತು, ವಿಡಿಯೊ ಬಂತು. ಕ್ಯಾಸೆಟ್ಟಿನಲ್ಲಿ ಹೃದಯದ ಆಕಾರದೊಳಗೆ ಮದುಮಗನ ಮುಖ, ಹೂವಿನೊಳಗೆ ಮದುಮಗಳ ಮುಖ, ಹಿಂದೆ ಸಿನಿಮಾ ಹಾಡು. ಅದರ ಬಗ್ಗೆ ಬಹಳ ಹೇಳುವುದಿಲ್ಲ, ನಿಮ್ಮ ಮನೆಯಲ್ಲೂ ಒಂದು ಕ್ಯಾಸೆಟ್ ಬೂಸ್ಟು ಹಿಡಿದು ಕೂತಿರುತ್ತದೆ. ಗಮನಿಸಬೇಕಾದ ಸಂಗತಿ ಒಂದಿದೆ. ಕ್ಯಾಮೆರಾ ಶಾಸ್ತ್ರವನ್ನೇ ತಿರುಗಿಸತೊಡಗಿತು. ಹಿಂದೆ ನಿಶ್ಚಿತಾರ್ಥ ಎಂದರೆ ಹಿರಿಯರು ವೀಳ್ಯ ಬದಲಾಯಿಸಿಕೊಳ್ಳುವುದು. ಹುಡುಗ ಅಲ್ಲಿ ಇರಲೇಬೇಕೆಂಬ ಕಡ್ಡಾಯ ಎಷ್ಟೋ ಕಡೆ ಇರಲಿಲ್ಲ. ಈಗ ಸ್ಟೇಜು, ಎರಡು ಸಿಂಹಾಸನದಂಥ ಕುರ್ಚಿ, ಉಂಗುರ. ಉಂಗುರ ತೊಡಿಸುವಾಗ "ಸ್ವಲ್ಪ ನಿಲ್ಸಿ, ಈ ಕಡೆ ನೋಡಿ" ಅನ್ನುವವರು ಪುರೋಹಿತರಲ್ಲ, ಫೋಟೊದವರು.

ಮದುವೆಯಲ್ಲಿ ಅಂತರಪಟ ಹಿಡಿಯುವುದು ನಿಮಗೆ ಗೊತ್ತು. ಇಬ್ಬರ ನಡುವೆ ಬಟ್ಟೆ ಹಿಡಿದು, ಮುಹೂರ್ತಕ್ಕೆ ಸರಿಸಿ, ಜೀರಿಗೆ ಬೆಲ್ಲ ಹಾಕಿಸಿ, ಆಗ ಒಬ್ಬರ ಮುಖ ಒಬ್ಬರು ನೋಡಬೇಕು. ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನ ಗಂಡನ ಮುಖ ಸರಿಯಾಗಿ ನೋಡಿದ್ದು ನಿಜವಾಗಿಯೂ ಆ ಬಟ್ಟೆ ಸರಿದ ಮೇಲೆಯೇ. ಈಗ ಅದೇ ಮಂಟಪದ ಪಕ್ಕದ ಪರದೆಯ ಮೇಲೆ, ಜೋಗದ ಮುಂದೆ ಹಣೆಗೆ ಹಣೆ ತಾಗಿಸಿ ನಿಂತ ಅದೇ ಜೋಡಿಯ ವಿಡಿಯೊ ಓಡುತ್ತಿರುತ್ತದೆ. ಇತ್ತ ಅಂತರಪಟ, ಅತ್ತ ಆ ವಿಡಿಯೊ. ಎರಡೂ ಒಂದೇ ಛತ್ರದಲ್ಲಿ. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ, ನಮ್ಮ ಜನ ಹಾಗೆಯೇ, ಎರಡನ್ನೂ ಇಟ್ಟುಕೊಳ್ಳುತ್ತಾರೆ.

ಮದುವೆಗೆ ಮುಂಚೆಯೇ ಜೋಡಿ ಫೋಟೊ ತೆಗೆಸುವುದನ್ನು ದೊಡ್ಡ ಉದ್ಯಮ ಮಾಡಿದವರು ಯಾರು? ಊರಲ್ಲಿ ಕೇಳಿದರೆ "ಅಮೆರಿಕದವರು" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇದರಲ್ಲಿ ತೈವಾನ್ ದೇಶದ ಪಾಲು ದೊಡ್ಡದು. ಅಲ್ಲಿ ಎಂಬತ್ತು, ತೊಂಬತ್ತರ ದಶಕದಲ್ಲೇ ಮದುವೆಗೆ ಕೆಲವು ವಾರ, ತಿಂಗಳು ಮುಂಚೆ ಜೋಡಿಗಳು ಬಾಡಿಗೆ ಬಟ್ಟೆ ತೊಟ್ಟು, ಮೇಕಪ್ ಮಾಡಿಸಿ, ಇಡೀ ದಿನ ಫೋಟೊ ತೆಗೆಸಿ, ದಪ್ಪ ಆಲ್ಬಂ ಮಾಡಿಸಿ ಮದುವೆ ಊಟಕ್ಕೆ ಬಂದವರಿಗೆ ತೋರಿಸುವ ರೂಢಿ ಬೆಳೆದಿತ್ತು. ಅಲ್ಲಿಂದ ಚೀನಾ, ಹಾಂಗ್‌ಕಾಂಗ್, ಸಿಂಗಪುರದ ಕಡೆಗೂ ಹಬ್ಬಿತು. ನಮ್ಮಲ್ಲಿ 2010ರ ಆಸುಪಾಸಿನಿಂದ ದೊಡ್ಡ ನಗರಗಳಲ್ಲಿ ಶುರುವಾಗಿ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಹೋಬಳಿಗೆ ಇಳಿಯಿತು.

ಇಳಿಯಲು ನೆಲ ಹದವಾಗಿತ್ತು. ಯಾವ ಜಾಗದಲ್ಲಿ ಹೇಗೆ ನಿಲ್ಲಬೇಕೆಂದು ಸಿನಿಮಾ ಕಲಿಸಿಬಿಟ್ಟಿತ್ತು. 1972ರ ಕೊನೆಗೆ ಬಂದ ನಾಗರಹಾವು ಚಿತ್ರದುರ್ಗದ ಕೋಟೆಯನ್ನು ಮನೆಮಾತು ಮಾಡಿತು. 2006ರ ಕೊನೆಗೆ ಮುಂಗಾರು ಮಳೆ ಬಂದ ಮೇಲೆ ಜೋಗ, ಮಳೆ, ಹಸಿರು ಗುಡ್ಡ ಎಂದರೆ ಪ್ರೀತಿ ಎಂದಾಯಿತು. 1997ರ ಟೈಟಾನಿಕ್ ದೋಣಿಯ ತುದಿಯಲ್ಲಿ ಕೈ ಚಾಚಿ ನಿಲ್ಲುವುದನ್ನು ಹೇಳಿಕೊಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾಯಿತು. ಮರುವರ್ಷ ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ಹಾಕುವ ಸ್ಟೇಟಸ್ ಬಂತು. 2020ರ ಕೊರೊನಾ ಕಾಲದಲ್ಲಿ ಮದುವೆಗೆ ಐವತ್ತೇ ಜನ ಎಂದಾಗ, ಬರಲಾಗದ ನೆಂಟರು ಮದುವೆ ನೋಡಿದ್ದು ಸ್ಟೇಟಸ್‌ನಲ್ಲೇ.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ಅದೇ 2020ರ ನವೆಂಬರಿನಲ್ಲಿ, ತಿ. ನರಸೀಪುರ ತಾಲ್ಲೂಕಿನ ತಲಕಾಡಿನ ಹತ್ತಿರ ಮುಡುಕುತೊರೆ ಬಳಿ, ಕಾವೇರಿಯಲ್ಲಿ ತೆಪ್ಪದ ಮೇಲೆ ಫೋಟೊ ತೆಗೆಸುತ್ತಿದ್ದ ಮೈಸೂರಿನ ಜೋಡಿ ತೆಪ್ಪ ಮಗುಚಿ ಮುಳುಗಿ ಹೋಯಿತು. ಅದೇ ತಿಂಗಳು ಅವರ ಮದುವೆ ಇತ್ತು. ತೆಪ್ಪ ಎಂದರೆ ತಳ ದುಂಡಗಿನ ಬುಟ್ಟಿ. ಅದರಲ್ಲಿ ಕೂತವರು ಎದ್ದು ನಿಂತರೆ ಅಲುಗಾಡುತ್ತದೆ ಎಂದು ಹೊಳೆದಂಡೆಯ ಮಕ್ಕಳಿಗೂ ಗೊತ್ತು. ಆದರೆ ಉದ್ದ ಲಂಗ ತೊಟ್ಟು, ಎತ್ತರದ ಚಪ್ಪಲಿ ಹಾಕಿ, ಎದುರಿಗೆ ಕ್ಯಾಮೆರಾ ಇದ್ದಾಗ ಗೊತ್ತಿರುವುದೂ ಮರೆಯುತ್ತದೆ. ಸಿನಿಮಾದವರು ನೀರಿನಲ್ಲಿ ಚಿತ್ರ ತೆಗೆಯುವಾಗ ಈಜುಗಾರರನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ, ಅವರು ಪರದೆಯಲ್ಲಿ ಕಾಣುವುದಿಲ್ಲ. ನಾವು ಕಲಿತದ್ದು ಕಾಣುವುದನ್ನು ಮಾತ್ರ. ಶೂಟಿಗೆ ಹೊಳೆ, ಕೆರೆ, ಜಲಪಾತ ಬೇಕೇ ಬೇಕು ಅನ್ನುವವರು ದಡದಲ್ಲಿ ನಿಲ್ಲಿ. ಹಿಂದೆ ನೀರು ಕಂಡರೆ ಸಾಕು. ತೆಪ್ಪ ಹತ್ತಲೇಬೇಕೆಂದರೆ ಲೈಫ್ ಜಾಕೆಟ್ ಹಾಕಿ. ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಅದನ್ನು ಬಿಚ್ಚಿಸುವ ಫೋಟೊಗ್ರಾಫರ್ ನಿಮಗೆ ಬೇಡ.

ಇನ್ನೊಂದು ನಮ್ಮ ಚಿತ್ರದುರ್ಗ ಜಿಲ್ಲೆಯದೇ. 2024ರ ಫೆಬ್ರುವರಿಯಲ್ಲಿ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲಿ ಗುತ್ತಿಗೆ ವೈದ್ಯರೊಬ್ಬರು ತಾವು ಮದುವೆಯಾಗಲಿದ್ದ ಹುಡುಗಿ ಜೊತೆ ಆಪರೇಷನ್ ಮಾಡುವ ಹಾಗೆ ನಟಿಸಿ ಪ್ರೀ ವೆಡ್ಡಿಂಗ್ ವಿಡಿಯೊ ಮಾಡಿಸಿದರು. ವಿಡಿಯೊ ಹರಿದಾಡಿತು, ವೈದ್ಯರ ಕೆಲಸ ಹೋಯಿತು. ಸರ್ಕಾರಿ ಆಸ್ಪತ್ರೆ ಇರುವುದು ರೋಗಿಗಳಿಗೆ. ಆದರೆ ಈ ಘಟನೆಯಿಂದ ಒಂದು ಗೊತ್ತಾಗುತ್ತದೆ. ಪರದೆಯ ತಾಜ್ ಮಹಲ್ ಜನರಿಗೆ ಸಾಕಾಗುತ್ತಿಲ್ಲ, ನಿಜವಾದ ಜಾಗವೇ ಬೇಕು. ನಿಜವಾದ ಜಾಗಕ್ಕೆ ಒಡೆಯರಿರುತ್ತಾರೆ. ಹಂಪಿ, ಚಿತ್ರದುರ್ಗದ ಕೋಟೆಯಂಥವು ಪುರಾತತ್ವ ಇಲಾಖೆಯ ಕೈಯಲ್ಲಿವೆ. ಮೊಬೈಲಿನಲ್ಲಿ ತೆಗೆಯುವುದು ಬೇರೆ, ಸ್ಟ್ಯಾಂಡು, ಲೈಟು ತಂದು ಶೂಟಿಂಗ್ ಮಾಡುವುದು ಬೇರೆ. ಅದಕ್ಕೆ ಮೊದಲೇ ಅನುಮತಿ ಬೇಕು. ಡ್ರೋನ್‌ಗೂ 2021ರ ನಿಯಮ ಇದೆ. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ದುಡ್ಡಿಗೆ ಹಾರಿಸುವವರ ಬಳಿ ಪೈಲಟ್ ಸರ್ಟಿಫಿಕೇಟ್ ಇರಬೇಕು. "ಅದೆಲ್ಲ ನಾನು ನೋಡ್ಕೋತೀನಿ" ಎಂದು ಫೋಟೊದವರು ಹೇಳಿದರೆ ಕಾಗದ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲದಿದ್ದರೆ ನೂರಾರು ಕಿಲೋಮೀಟರ್ ಹೋಗಿ ಗೇಟಿನಿಂದ ವಾಪಸ್ ಬರಬೇಕಾಗುತ್ತದೆ.

ಇದನ್ನೆಲ್ಲ ನೋಡಿಯೇ ಕೆಲವರು ಶೂಟೇ ಬೇಡ ಅನ್ನುತ್ತಾರೆ. 2019ರ ಕೊನೆಯಲ್ಲಿ ಭೋಪಾಲ್‌ನ ಕೆಲವು ಸಮುದಾಯದ ಸಂಘಗಳು ತಮ್ಮವರು ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಬಾರದೆಂದು ತೀರ್ಮಾನ ಮಾಡಿದ್ದವು. ನನಗೆ ಆ ದಾರಿ ಸರಿ ಕಾಣುವುದಿಲ್ಲ. ಯಾಕೆಂದರೆ ಈ ಶೂಟಿನಲ್ಲಿ ಫೋಟೊಗಿಂತ ದೊಡ್ಡದು ಒಂದು ಇದೆ. ಹಿರಿಯರು ನೋಡಿ ಮಾಡುವ ಮದುವೆಯಲ್ಲಿ, ಹಳ್ಳಿಯ ಹುಡುಗಿಗೆ ತಾನು ಮದುವೆಯಾಗುವವನ ಜೊತೆ ಮನೆಯವರ ಒಪ್ಪಿಗೆಯಿಂದಲೇ ಬೆಳಗಿನಿಂದ ಸಂಜೆವರೆಗೆ ಒಂದು ಪೂರ್ತಿ ದಿನ ಸಿಗುವುದು ಇದೊಂದರಲ್ಲೇ. ಜೊತೆಗೆ ತಂಗಿಯೋ ಅತ್ತಿಗೆಯೋ ಇರುತ್ತಾರೆ, ಇರಲಿ. ಹೆಣ್ಣು ನೋಡಲು ಬಂದ ದಿನ "ಒಳಗೆ ಹೋಗಿ ಎರಡು ಮಾತಾಡಿ" ಎಂದು ಕೊಡುವ ಹತ್ತು ನಿಮಿಷದಲ್ಲಿ ಏನು ಗೊತ್ತಾಗುತ್ತದೆ? ಬಿಸಿಲಿನಲ್ಲಿ ನಾಲ್ಕು ಗಂಟೆ ನಿಂತು, ಹಸಿವಾಗಿ, ಬಟ್ಟೆ ಬದಲಾಯಿಸಲು ಜಾಗ ಸಿಗದೆ ಒದ್ದಾಡುವಾಗ ಮನುಷ್ಯ ಏನೆಂದು ಗೊತ್ತಾಗುತ್ತದೆ. ಕಾರಿನ ಡ್ರೈವರ್ ಹತ್ತಿರ ಅವನು ಹೇಗೆ ಮಾತಾಡುತ್ತಾನೆ, ಅವಳಿಗೆ ಬೇಡ ಅನ್ನಿಸಿದ ಪೋಸನ್ನು "ಬೇಡ ಬಿಡಿ ಸರ್" ಎಂದು ತಾನೇ ಹೇಳುತ್ತಾನೋ, "ಎಲ್ಲರೂ ಮಾಡ್ತಾರೆ, ನಿನಗೇನು" ಅನ್ನುತ್ತಾನೋ. ಅವನಿಗೂ ಅಷ್ಟೇ, ಅವಳ ನಗು, ಸಿಟ್ಟು, ತಮಾಷೆ ಕಾಣುವುದು ಅವತ್ತೇ.

ಹಾಗಾಗಿ ಶೂಟಿನ ಯೋಚನೆಯನ್ನು ಇಬ್ಬರೂ ಕೂತು ಮಾಡಬೇಕು. ಈಗ ನಡೆಯುತ್ತಿರುವುದು ಹೆಚ್ಚಾಗಿ ಹೀಗೆ: ಹುಡುಗ ಇನ್‌ಸ್ಟಾಗ್ರಾಂನಲ್ಲಿ ನೋಡಿದ್ದನ್ನು ಫೋಟೊದವರಿಗೆ ಕಳಿಸುತ್ತಾನೆ, ಬಟ್ಟೆಯ ಬಣ್ಣ ಅವನ ಅಕ್ಕ ಹೇಳುತ್ತಾಳೆ, ದುಡ್ಡು ಹುಡುಗಿಯ ಅಪ್ಪ ಕೊಡುತ್ತಾನೆ. ಖರ್ಚು ಕೆಲವು ಸಾವಿರದಿಂದ ಲಕ್ಷದವರೆಗೂ ಹೋಗುತ್ತದೆ. ಮದುವೆಯ ಮಾತುಕತೆಯಲ್ಲಿ ಇದನ್ನು ಯಾರೂ ಎತ್ತಿರುವುದಿಲ್ಲ. ಆಮೇಲೆ "ಹುಡುಗನ ಆಸೆ" ಎಂದು ಬಂದು ಕೂರುತ್ತದೆ. ಹುಡುಗನ ಆಸೆಗೆ ಹುಡುಗಿಯ ಅಪ್ಪ ಸಾಲ ಮಾಡುವುದು ನಮ್ಮಲ್ಲಿ ಹಳೆಯ ಕತೆ, ಸೈಕಲ್ಲು, ವಾಚು, ರೇಡಿಯೊ ಕಾಲದ್ದು. ಅದಕ್ಕೆ ಹೊಸ ಹೆಸರು ಕೊಡುವುದು ಬೇಡ. ಇಬ್ಬರೂ ದುಡಿಯುವವರಾದರೆ ಅರ್ಧ ಅರ್ಧ ಹಾಕಿ, ಆಗುವುದಿಲ್ಲವೆಂದರೆ ಊರ ಕೆರೆ ಏರಿ, ನಿಮ್ಮದೇ ಅಡಿಕೆ ತೋಟ, ಸಂಜೆಯ ರಾಗಿ ಹೊಲ ಇದ್ದೇ ಇದೆ. ಬೆಂಗಳೂರಿನವರು ದುಡ್ಡು ಕೊಟ್ಟು ಹುಡುಕಿಕೊಂಡು ಬರುವ ಜಾಗದಲ್ಲೇ ನೀವು ಹುಟ್ಟಿದ್ದೀರಿ.

ಈಗ ಆ ವಾಪಸ್ ಬಾರದ ಫೋಟೊದ ವಿಷಯ. ನಿಶ್ಚಿತಾರ್ಥ ಆದ ಮೇಲೂ ಸಂಬಂಧ ಮುರಿಯುವುದುಂಟು. ಆಗ ಸೀರೆ, ಉಂಗುರ ಹಿಂದಿರುಗಿಸುವ ಮಾತು ಪಂಚಾಯಿತಿಯಲ್ಲಿ ಬರುತ್ತದೆ, ಫೋಟೊದ ಮಾತು ಬರುವುದಿಲ್ಲ. ಮೂರು ಕಾಪಿಯಾಗಿದ್ದರೆ ಕೇಳಿ ಪಡೆಯಬಹುದಿತ್ತು. ಈಗ ಅದು ಹುಡುಗನ ಮೊಬೈಲಿನಲ್ಲಿ, ಅವನ ಗೆಳೆಯರ ಸ್ಟೇಟಸ್‌ನಲ್ಲಿ, ಸ್ಟುಡಿಯೊದ ಹಾರ್ಡ್‌ಡಿಸ್ಕ್‌ನಲ್ಲಿ, ಸ್ಟುಡಿಯೊದವರು ಜಾಹೀರಾತಿಗೆ ಹಾಕುವ ರೀಲ್ಸ್‌ನಲ್ಲಿ ಇರುತ್ತದೆ. ಮುಂದೆ ಬೇರೆ ಸಂಬಂಧ ಬಂದಾಗ ಅದು ಕೆಲಸ ಕೆಡಿಸುವುದು ಹುಡುಗಿಗೇ, ಹುಡುಗನಿಗೆ ಅಷ್ಟಾಗಿ ಅಲ್ಲ. ನ್ಯಾಯವಲ್ಲ, ಆದರೆ ಊರು ಹಾಗಿದೆ.

ಇಲ್ಲಿ ಕಾನೂನು ನಿಮ್ಮ ಕಡೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ತೆಗೆದವರದಲ್ಲ. ಅಂದರೆ ಸ್ಟುಡಿಯೊದವರು ನಿಮ್ಮ ಫೋಟೊವನ್ನು ತಮ್ಮ ಪೇಜಿಗೆ ಹಾಕಬೇಕಾದರೆ ನಿಮ್ಮ ಒಪ್ಪಿಗೆ ಬೇಕು. "ಬೇರೆ ಕರಾರು ಇಲ್ಲದಿದ್ದರೆ" ಅನ್ನುವುದನ್ನು ಗಮನಿಸಿ. ಅಡ್ವಾನ್ಸ್ ಕೊಡುವಾಗ ಸಹಿ ಹಾಕಿಸುವ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಿ. ಮದುವೆ ಮುಗಿಯುವವರೆಗೆ ಎಲ್ಲಿಯೂ ಹಾಕಬಾರದು, ಕೊಟ್ಟ ಮೇಲೆ ಇಷ್ಟು ದಿನಕ್ಕೆ ಅಳಿಸಬೇಕು, ಇಬ್ಬರಿಗೂ ಒಂದೊಂದು ಪೂರ್ತಿ ಕಾಪಿ ಕೊಡಬೇಕು ಎಂದು ಅದೇ ಚೀಟಿಯಲ್ಲಿ ಬರೆಸಿ. ರಸೀದಿಯಲ್ಲಿ ಹುಡುಗಿಯ ಹೆಸರೂ ಇರಲಿ, ತೆಗೆಸಿದವರು ಯಾರು ಎಂಬ ಪ್ರಶ್ನೆ ಬಂದಾಗ ಅದೇ ಉತ್ತರ. ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸಿದರೆ 1930ಕ್ಕೆ ಫೋನ್ ಮಾಡಿ ಅಥವಾ ಪೊಲೀಸ್ ಠಾಣೆಗೆ ಹೋಗಿ. ಮನೆಯಲ್ಲಿ ಹೇಳಲು ಹೆದರಿ ಕೂರಬೇಡಿ.

ಮತ್ತೆ ಬಟ್ಟೆ, ಜಾಗ, ಹೊತ್ತು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆ ಮೇಲೆ ಬೆಳಕು ಚೆನ್ನಾಗಿರುತ್ತದೆ, ನೆತ್ತಿಯ ಬಿಸಿಲಿನಲ್ಲಿ ಕಣ್ಣಿನ ಕೆಳಗೆ ಕಪ್ಪು ಬೀಳುತ್ತದೆ. ಎರಡು ಜೊತೆ ಬಟ್ಟೆ ಸಾಕು, ಐದು ಜೊತೆ ಒಯ್ದರೆ ಇಡೀ ದಿನ ಬದಲಾಯಿಸುವುದರಲ್ಲೇ ಹೋಗುತ್ತದೆ. ಬದಲಾಯಿಸಲು ಬಾಗಿಲಿರುವ ಜಾಗ ಇದೆಯೇ, ಶೌಚಾಲಯ ಇದೆಯೇ ಎಂದು ಮೊದಲೇ ವಿಚಾರಿಸಿ. ಇದನ್ನು ಗಂಡಸರು ಯೋಚಿಸುವುದೇ ಇಲ್ಲ. ಇತ್ತೀಚೆಗೆ ತಾಲ್ಲೂಕು ಮಟ್ಟದಲ್ಲೂ ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿಯುತ್ತಿದ್ದಾರೆ, ಸಿಕ್ಕರೆ ಕೇಳಿ ನೋಡಿ. 1892ರ ಹೈದರಾಬಾದಿನಂತೆ ಗೋಷಾ ಎಂದಲ್ಲ. "ತಲೆ ಸ್ವಲ್ಪ ಅವನ ಭುಜಕ್ಕೆ" ಎಂದು ಹೇಳುವವಳು ಇನ್ನೊಬ್ಬ ಹುಡುಗಿಯಾದರೆ ನಾಚಿಕೆ ಅರ್ಧ ಕಮ್ಮಿಯಾಗುತ್ತದೆ.

ಫೋಟೊ ಬಂದ ಮೇಲೆ ಒಂದು ಕೆಲಸ ಮಾಡಿ. ಸಾವಿರ ಫೋಟೊ ಪೆನ್‌ಡ್ರೈವಿನಲ್ಲಿ ಕೊಡುತ್ತಾರೆ, ಸ್ಟೇಟಸ್ ಇಪ್ಪತ್ನಾಲ್ಕು ಗಂಟೆಗೆ ಹೋಗುತ್ತದೆ, ಮೊಬೈಲ್ ಮೂರು ವರ್ಷಕ್ಕೆ ಕೆಡುತ್ತದೆ. ಇಬ್ಬರೂ ಕೂತು ಹನ್ನೆರಡು ಆರಿಸಿ, ಹಳೇ ರೋಲಿನ ಲೆಕ್ಕ. ಒಳ್ಳೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂಬದಿಗೆ ಇಬ್ಬರ ಹೆಸರು, ಊರು, ತಾರೀಖು ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯದೆ ಪೆನ್ಸಿಲ್‌ನಲ್ಲಿ ಮೆತ್ತಗೆ ಬರೆಯಿರಿ, ಇಲ್ಲದಿದ್ದರೆ ಅಕ್ಷರ ಮುಂದಿನ ಕಡೆ ಮೂಡುತ್ತದೆ.